ಕೋಟಯ್ಯನವರು ಪೈಪು ಕಿತ್ತ ಬೇಸಿಗೆ

ಹೋದ ತಿಂಗಳು ಸುರಪುರದಿಂದ ಶಹಾಪುರಕ್ಕೆ ಹೊರಟಿದ್ದೆ. ಪಿಂಚಣಿಯ ಒಂದು ಕಾಗದಕ್ಕೆ ಸಹಿ ಹಾಕಿಸಬೇಕಿತ್ತು. ಕಾಲುವೆ ಸೇತುವೆಯ ಹತ್ತಿರ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ಸಿಕ್ಕಿಕೊಂಡು ನಮ್ಮ ಬಸ್ಸು ನಿಂತಿತು. ಕಿಟಕಿಯಿಂದ ಇಣುಕಿದರೆ, ಕಾಲುವೆಗೆ ಅವತ್ತು ಬೆಳಿಗ್ಗೆಯಷ್ಟೇ ನೀರು ಬಿಟ್ಟಿದ್ದು ಕಂಡಿತು. ತಿಂಗಳುಗಟ್ಟಲೆ ಒಣಗಿ ಬಿರಿದ ತಳದ ಮೇಲೆ ಮೊದಲ ನೀರು ಬಂದಾಗ ಒಂದು ವಾಸನೆ ಏಳುತ್ತದೆ. ಕಾದ ಮಣ್ಣು, ಕೊಳೆತ ಜೊಂಡು, ಸತ್ತ ಏಡಿ ಎಲ್ಲ ಕಲಸಿದ ವಾಸನೆ. ಬಸ್ಸಿನಲ್ಲಿದ್ದವರು ಸೆರಗು, ಟವೆಲು ಮೂಗಿಗೆ ಹಿಡಿದರು. ಆ ವಾಸನೆಯನ್ನು ನಾನು ಒಂದು ಬೇಸಿಗೆಯಲ್ಲಿ ಕರಡಗುಡ್ಡದ ಹೊಲದ ಬದುವಿನ ಮೇಲೆ ನಿಂತು ಮೂಗು ತುಂಬ ಎಳೆದುಕೊಂಡಿದ್ದೆ. ಪಕ್ಕದಲ್ಲಿ ಕೋಟಯ್ಯನವರು ನಿಂತಿದ್ದರು. ಎರಡು ಚುನಾವಣೆಗಳ ಹಿಂದಿನ ಮಾತು.

ಟ್ರ್ಯಾಕ್ಟರು ಸರಿದು ಬಸ್ಸು ಮುಂದೆ ಹೋಯಿತು. ಶಹಾಪುರದ ಕೆಲಸ ಅರ್ಧ ತಾಸಿನಲ್ಲಿ ಮುಗಿಯಿತು. ವಾಪಸ್ ಬರುವಾಗ ನಾನು ಸುರಪುರದ ಟಿಕೆಟ್ ತೆಗೆಸದೆ ಕೋಟಯ್ಯನವರಿರುವ ಮೈಲಿ ಕ್ಯಾಂಪಿನ ಟಿಕೆಟ್ ತೆಗೆಸಿದೆ. ಎಂಟು ವರ್ಷದಿಂದ ಆ ನಿಲ್ದಾಣದಲ್ಲಿ ಇಳಿದಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವನು. ನೌಕರಿಯ ಕೊನೆಗಾಲದಲ್ಲಿ ಐದು ವರ್ಷ ನಮ್ಮ ಶಾಸಕರ ಆಪ್ತ ಸಹಾಯಕನಾಗಿದ್ದೆ. ಆ ಶಾಸಕರೇ ಕೋಟಯ್ಯನವರು. ಗೆದ್ದ ವಾರದಲ್ಲೇ ಅವರು ಶಾಲೆಗೆ ಬಂದು, ಮುಖ್ಯೋಪಾಧ್ಯಾಯರ ಎದುರಿಗೆ ಕುರ್ಚಿಯಲ್ಲಿ ಕೂರದೆ ನಿಂತೇ, ತಮಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರೆಯಲು ಬರುವುದಿಲ್ಲ, ಅದನ್ನು ಹೊರಗೆ ಹೇಳದಂಥ ಒಬ್ಬ ಮಾಸ್ತರ ಬೇಕು ಅಂದರಂತೆ. ಮುಖ್ಯೋಪಾಧ್ಯಾಯರು ನನ್ನನ್ನು ತೋರಿಸಿದರು. ನಾನು ಹೊರಗೆ ಹೇಳಲಿಲ್ಲ.

ಅವರು ಆಂಧ್ರದ ಕರಾವಳಿ ಕಡೆಯವರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಪ್ಪ, ಹೆಂಡತಿ, ಎರಡು ಜೋಡಿ ಎತ್ತು, ಒಂದು ಹಿತ್ತಾಳೆ ಹಂಡೆ ಲಾರಿಗೆ ಹಾಕಿಕೊಂಡು ನಮ್ಮ ಕಡೆ ಬಂದರು. ಕಾಲುವೆ ಆಗ ಅಗೆದು ಬಿಟ್ಟ ಗುಂಡಿಯಷ್ಟೇ. ನೀರು ಬರುತ್ತದೆಂದು ನಮ್ಮವರು ಯಾರೂ ನಂಬಿರಲಿಲ್ಲ. ಜಾಲಿ ಬೆಳೆದು ಪಾಳು ಬಿದ್ದ ಕಪ್ಪು ನೆಲವನ್ನು ಇವರಂಥವರು ಮೂವತ್ತು ನಲವತ್ತು ಮನೆತನ ಬಂದು ತೆಗೆದುಕೊಂಡರು, ಗುಡಿಸಲು ಹಾಕಿದರು, ಅದಕ್ಕೆ ಕ್ಯಾಂಪ್ ಅಂದರು. ಮೊದಲ ವರ್ಷ ಕುಡಿಯುವ ನೀರಿಗೆ ಎರಡು ಮೈಲಿ ನಡೆದು ಪಕ್ಕದ ಊರಿನ ಬಾವಿಗೆ ಹೋಗುತ್ತಿದ್ದರಂತೆ. ಆ ಊರಿನ ಹೆಣ್ಣುಮಕ್ಕಳು ಕೊಡ ತುಂಬಿಸಿ, ಜೊತೆಗೆ ಎರಡು ಜೋಳದ ರೊಟ್ಟಿ ಕಟ್ಟಿ ಕಳಿಸುತ್ತಿದ್ದರಂತೆ. ಕೋಟಯ್ಯನವರು ಇದನ್ನು ಭಾಷಣದಲ್ಲಿ ಎಂದೂ ಹೇಳಲಿಲ್ಲ. ಕಾರಿನಲ್ಲಿ ಆ ಊರು ದಾಟುವಾಗ ಮಾತ್ರ ಒಮ್ಮೆ ಹೇಳಿದರು.

ನೀರು ಬಂತು. ಜೋಳ, ತೊಗರಿ ಬೆಳೆಯುತ್ತಿದ್ದ ನೆಲ ಭತ್ತದ ಗದ್ದೆಯಾಯಿತು. ಗುಡಿಸಲು ಹೋಗಿ ಆರ್‌ಸಿಸಿ ಮನೆಗಳು ಬಂದವು, ರಾಮನ ಗುಡಿ ಬಂತು, ಹಾಲಿನ ಡೈರಿ ಬಂತು. ಕೋಟಯ್ಯನವರು ಪಂಚಾಯತಿ ಮೆಂಬರಾದರು, ಸೊಸೈಟಿಯ ಅಧ್ಯಕ್ಷರಾದರು, ಜಿಲ್ಲಾ ಪಂಚಾಯತಿಗೆ ಹೋದರು. ಶಾಸಕರಾದದ್ದು ಮಾತ್ರ ತಮ್ಮ ಬಲದಿಂದಲ್ಲ ಎಂದು ಅವರೇ ಹೇಳುತ್ತಿದ್ದರು. ಕ್ಷೇತ್ರದ ಎರಡು ಗೌಡ ಮನೆತನಗಳು ಟಿಕೆಟ್ಟಿಗಾಗಿ ಬಡಿದಾಡಿ, ನನಗೆ ಸಿಗದಿದ್ದರೂ ಅವನಿಗೆ ಸಿಗಬಾರದು ಎಂದು ಹಟ ಹಿಡಿದವು. ನಡುವೆ ಯಾರಿಗೂ ಬೇಡವಾದ, ಯಾರಿಗೂ ಹಗೆಯಲ್ಲದ ಮನುಷ್ಯ ಬೇಕಾಗಿತ್ತು. ಹಾಗೆ ಗೆದ್ದರು.

ಗೆದ್ದ ಮೇಲೂ ಚಹಾದಂಗಡಿಯಲ್ಲಿ ಅವರ ಹೆಸರು ಆಂಧ್ರದಾಂವ ಎಂದೇ ಇತ್ತು. ಎದುರಿಗೆ ಸಾಹೇಬ್ರು, ಬೆನ್ನ ಹಿಂದೆ ಆಂಧ್ರದಾಂವ. ಅವರ ಮಕ್ಕಳು ಇಲ್ಲೇ ಹುಟ್ಟಿದ್ದರು, ಅಪ್ಪನನ್ನು ಇಲ್ಲೇ ಸುಟ್ಟಿದ್ದರು. ಯಾರಾದರೂ ನಿಮ್ಮೂರು ಯಾವುದು ಎಂದು ಕೇಳಿದರೆ ಮೈಲಿ ಕ್ಯಾಂಪ್ ಅನ್ನುತ್ತಿದ್ದರು. ಕೇಳಿದವರು ಸಾಮಾನ್ಯವಾಗಿ, ಅದಲ್ಲರಿ, ನಿಮ್ಮ ಖರೆ ಊರು, ಎಂದು ಮತ್ತೆ ಕೇಳುತ್ತಿದ್ದರು.

ಬೆಂಗಳೂರಿನ ಶಾಸಕರ ಭವನದ ಕೋಣೆಯಲ್ಲಿ ದಿನಾ ಬೆಳಿಗ್ಗೆ ಒಂದು ತಾಸು ನಮ್ಮ ಪಾಠ ನಡೆಯುತ್ತಿತ್ತು. ಅರವತ್ತರ ಹತ್ತಿರ ಬಂದ ಮನುಷ್ಯ, ಕನ್ನಡಕ ಮೂಗಿನ ತುದಿಗಿಟ್ಟುಕೊಂಡು, ಎರಡು ಗೆರೆಯ ಕಾಪಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಅಕ್ಷರ ಬಹಳ ದುಂಡಗೆ. ತೆಲುಗಿನ ಅಕ್ಷರ ಗೊತ್ತಿದ್ದವರಿಗೆ ನಮ್ಮ ಅಕ್ಷರ ಹಿಡಿಯುವುದು ತಡವಾಗಲಿಲ್ಲ. ಮಾತಿನ ರಾಗ ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ. ನಾನು ಬಯ್ಯುತ್ತಿದ್ದೆ. ಶಾಸಕರೆಂದು ನೋಡದೆ ಎಂಟನೇ ತರಗತಿಯ ಹುಡುಗರಿಗೆ ಬೈದ ಹಾಗೆ ಬಯ್ಯುತ್ತಿದ್ದೆ. ಅವರು ತಲೆ ತಗ್ಗಿಸಿ ಮತ್ತೆ ಬರೆಯುತ್ತಿದ್ದರು. ಸದನದಲ್ಲಿ ಮೊದಲ ಸಲ ಎದ್ದು ನಿಂತು ಕಾಲುವೆಯ ದುರಸ್ತಿಯ ಬಗ್ಗೆ ಕೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರು ನಿಲ್ಲಿಸಲಿಲ್ಲ, ಕಾಗದ ಪೂರ್ತಿ ಓದಿ ಕುಳಿತರು. ಸಂಜೆ ಕೋಣೆಗೆ ಬಂದು, ಯಾವ ಶಬ್ದ ತಪ್ಪಾಯಿತು ಎಂದಷ್ಟೇ ಕೇಳಿದರು. ಶಬ್ದ ಯಾವುದೂ ತಪ್ಪಿರಲಿಲ್ಲ. ನಕ್ಕವರು ನಕ್ಕದ್ದು ಮಾತಿನ ರಾಗಕ್ಕೆ.

ನಾಲ್ಕು ವರ್ಷ ಹೀಗೇ ಕಳೆಯಿತು. ಅರ್ಜಿ, ಶಿಫಾರಸು ಪತ್ರ, ಮದುವೆ, ಮುಂಜಿ, ಮಣ್ಣು. ಒಳ್ಳೆಯವರೆನ್ನಿಸಿಕೊಂಡರು, ದೊಡ್ಡದೇನೂ ಮಾಡಲಿಲ್ಲ. ನಾನು ಹೇಳಬೇಕೆಂದಿರುವುದು ಐದನೆಯ ವರ್ಷದ ಬೇಸಿಗೆ.

ಆ ವರ್ಷ ಸಂಕ್ರಾಂತಿ ಕಳೆಯುತ್ತಲೇ ಬಿಸಿಲು ಹತ್ತಿತು. ಶಿವರಾತ್ರಿಗಿಂತ ಮೊದಲೇ ಮಧ್ಯಾಹ್ನ ಹನ್ನೆರಡಕ್ಕೆ ಶಹಾಪುರದ ರಸ್ತೆಯಲ್ಲಿ ನಾಯಿಗಳೂ ಇರುತ್ತಿರಲಿಲ್ಲ. ಜಲಾಶಯದಲ್ಲಿ ನೀರು ಕಡಿಮೆಯಿತ್ತು. ಎರಡನೇ ಬೆಳೆಗೆ ಸರದಿಯ ಮೇಲೆ ನೀರು ಬಿಡುವುದೆಂದು ತೀರ್ಮಾನವಾಗಿತ್ತು, ಭತ್ತ ಹಾಕಬಾರದೆಂದು ಸಾರಿದ್ದೂ ಆಗಿತ್ತು. ಆದರೆ ಕಾಲುವೆಯ ತಲೆಯ ಕಡೆ ಇರುವ ಕ್ಯಾಂಪುಗಳಲ್ಲಿ ನಾಟಿ ಎಂದಿನಂತೆ ನಡೆದಿತ್ತು. ಎಲ್ಲಿ ನೋಡಿದರೂ ಹಸಿರು. ಅದೇ ಉಪಕಾಲುವೆಯ ಗುಂಟ ಇಪ್ಪತ್ತು ಕಿಲೋಮೀಟರು ಕೆಳಗೆ ಹೋದರೆ ಕೊನೆಯಲ್ಲಿ ಕರಡಗುಡ್ಡ. ಅಲ್ಲಿ ಕಾಲುವೆಯಲ್ಲಿ ಆಡು ಮಲಗುತ್ತಿದ್ದವು.

ಕರಡಗುಡ್ಡದ ದೇವಕ್ಕ ನಮ್ಮ ಕಚೇರಿಗೆ ಬಂದದ್ದು ಒಂದು ಸೋಮವಾರ. ಐವತ್ತರ ಆಸುಪಾಸಿನ ಹೆಣ್ಣುಮಗಳು, ನಾಲ್ಕು ಎಕರೆಗೆ ಶೇಂಗಾ ಹಾಕಿದ್ದವಳು, ಗಂಡನಿಗಿಂತ ಹೊಲದ ಕೆಲಸ ಚೆನ್ನಾಗಿ ತಿಳಿದವಳು. ಹಿಂದೆಯೂ ಬರುತ್ತಿದ್ದಳು, ಅರ್ಜಿ ಕೊಟ್ಟು ಹೋಗುತ್ತಿದ್ದಳು. ಅವತ್ತು ಅರ್ಜಿ ತಂದಿರಲಿಲ್ಲ. ಕೋಟಯ್ಯನವರು ಎಂದಿನಂತೆ ಇಂಜಿನಿಯರಿಗೆ ಫೋನು ಮಾಡುತ್ತೇನೆ ಅಂದರು. ಅವಳು ಗೋಡೆಗೆ ಆತುಕೊಂಡು ನಿಂತೇ ಇದ್ದಳು.

"ನಾಕು ಬ್ಯಾಸಿಗಿ ಆತ್ರಿ ಸಾಹೇಬ್ರ. ಪ್ರತಿ ಸಲ ಇಂಜಿನೀರಗ ಹೇಳ್ತೀನಂತೀರಿ. ಇಂಜಿನೀರ ಏನು ಹರವಿ ತಗೊಂಡು ಬಂದು ನಮ್ಮ ನೀರು ಒಯ್ಯಾಂಗಿಲ್ಲರಿ. ಯಾರು ಒಯ್ಯಾಕತ್ತಾರ ಅನ್ನೋದು ನನಗಿಂತ ನಿಮಗ ಚಲೋ ಗೊತ್ತದ."

ಕೋಣೆಯಲ್ಲಿ ಹತ್ತು ಹದಿನೈದು ಮಂದಿ ಇದ್ದರು. ಯಾರೋ ಅವಳನ್ನು ಗದರಿಸಲು ಹೋದರು. ಕೋಟಯ್ಯನವರು ಕೈ ಎತ್ತಿ ಸುಮ್ಮನಿರಿಸಿದರು. ದೇವಕ್ಕ ಸೆರಗು ತಲೆಯ ಮೇಲೆಳೆದುಕೊಂಡು ಬಿಸಿಲಿಗೆ ಇಳಿದು ಹೋದಳು. ಅವತ್ತು ಉಳಿದವರ ಅರ್ಜಿಗಳನ್ನು ಅವರು ಓದದೆ ಸಹಿ ಹಾಕಿದರು. ಓದಲು ಕಲಿತ ಮೇಲೆ ಅದೊಂದೇ ದಿನ ಹಾಗೆ ಮಾಡಿದ್ದು.

ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಕರೆದು, ನಾಳೆ ಬೆಳಿಗ್ಗೆ ಕಾಲುವೆ ಗುಂಟ ನಡೆಯೋಣ, ಕರಡಗುಡ್ಡದವರೆಗೆ, ಅಂದರು. ಕಾರು ಬೇಡ, ಪೊಲೀಸರು ಬೇಡ, ಪೇಪರಿನವರಿಗೂ ಹೇಳಬೇಡಿ. ಚುನಾವಣೆಗೆ ಎರಡು ತಿಂಗಳಿರುವಾಗ ಪೇಪರಿನವರು ಬೇಡ ಅನ್ನುವ ಶಾಸಕರನ್ನು ಏನು ಮಾಡುವುದು ಎಂದು ನನಗೆ ತಿಳಿಯಲಿಲ್ಲ. ಕಾಲುವೆ ಕಾಯುವ ಗ್ಯಾಂಗ್‌ಮನ್ ಶರಣಪ್ಪ ನಮ್ಮ ಜೊತೆಗೆ ಬಂದ. ಬಡಕಲು ಆಳು, ಗೇಟಿನ ಕೀಲಿಗೊಂಚಲು ಸೊಂಟಕ್ಕೆ ಕಟ್ಟಿಕೊಂಡವನು. ಯಾವ ತೂಬು ಯಾರ ಹೊಲಕ್ಕೆ ಎಂಬುದು ಅವನಿಗೆ ಬಾಯಿಪಾಠ.

ಮೊದಲ ದಿನ ಹನ್ನೊಂದು ಕಿಲೋಮೀಟರು ನಡೆದೆವು. ಏರಿಯ ಮೇಲೆ ಮರವಿಲ್ಲ, ನೆರಳಿಲ್ಲ. ಎಡಕ್ಕೆ ಭತ್ತ, ಬಲಕ್ಕೆ ಭತ್ತ. ಸರದಿ ತಪ್ಪಿಸಿ ನೀರು ಎಳೆಯಲು ಕಾಲುವೆಯ ಏರಿಯೊಳಗೆ ಕದ್ದು ಹೂತ ಪೈಪುಗಳನ್ನು ಶರಣಪ್ಪ ಬೆರಳು ಮಾಡಿ ತೋರಿಸುತ್ತಿರಲಿಲ್ಲ, ಆ ಜಾಗ ಬಂದಾಗ ಸುಮ್ಮನೆ ನಿಂತು ಬೀಡಿ ಹಚ್ಚುತ್ತಿದ್ದ. ಕೋಟಯ್ಯನವರು ಅವನು ನಿಂತ ಕಡೆಯೆಲ್ಲ ತಾವೂ ನಿಲ್ಲುತ್ತಿದ್ದರು. ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತು. ಬರೆಯಿರಿ ಎಂದು ಅವರು ಹೇಳಲಿಲ್ಲ. ನಾನು ಬರೆಯಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಶರಣಪ್ಪನ ಬೀಡಿ ಕಟ್ಟು ಮುಗಿದಿತ್ತು.

ನಾಲ್ಕು ಗಂಟೆಯ ಸುಮಾರಿಗೆ ಮೈಲಿ ಕ್ಯಾಂಪಿನ ಮಗ್ಗುಲಿಗೆ ಬಂದೆವು. ಅಲ್ಲೊಂದು ಕಡೆ ಶರಣಪ್ಪ ನಿಲ್ಲದೆ ಬೇಗ ಬೇಗ ಹೆಜ್ಜೆ ಹಾಕಿದ. ಕೋಟಯ್ಯನವರು ನಿಂತರು.

"ಶರಣಪ್ಪ, ಇಲ್ಲಿ ಯಾಕ ನಿಂದ್ರಲಿಲ್ಲ?"

ಕೋಟಯ್ಯನವರು ಚಪ್ಪಲಿ ಬಿಟ್ಟು ಏರಿ ಇಳಿದರು. ಧೋತರ ಮೇಲೆತ್ತಿ ಕಟ್ಟಿ, ಮೊಣಕಾಲು ನೀರಿಗೆ ಹೋಗಿ, ಕಲ್ಲು ಚಪ್ಪಡಿಯ ಕೆಳಗೆ ಕೈ ಹಾಕಿ ತಡಕಾಡಿದರು. ಆಮೇಲೆ ನನ್ನ ಕಡೆ ನೋಡಿದರು.

"ಈ ಪೈಪು ನಾನೇ ಹಾಕೀನಿ ಮಾಸ್ತರ. ಮೆಂಬರ ಆಗೋಕ್ಕಿಂತ ಮೊದಲ. ನಮ್ಮ ಬಾಮೈದ ಆ ಕಡೆಯಿಂದ ಎಳದ, ನಾ ಈ ಕಡೆಯಿಂದ ನೂಕಿದೆ. ಆರಿಂಚಿಂದು."

ಎಲ್ಲರೂ ಹಾಕಿದ್ದಾರಲ್ಲ ಎಂದೆ. ಹೌದು, ಎಲ್ಲರೂ ಹಾಕಿದ್ದಾರೆ, ಅದಕ್ಕೇ ಯಾರೂ ತೆಗೆಯುವುದಿಲ್ಲ, ಅಂದರು. ಏರಿಯ ಆಚೆ ಅವರ ಎಂಟು ಎಕರೆ ಭತ್ತ. ತೆನೆ ಹೊರಬಂದು ಕಾಳಿನಲ್ಲಿ ಹಾಲು ತುಂಬುವ ಹೊತ್ತು. ಆ ಹೊತ್ತಿನಲ್ಲಿ ಹತ್ತು ದಿನ ನೀರು ತಪ್ಪಿದರೆ ಭತ್ತ ಜೊಳ್ಳಾಗುತ್ತದೆಂದು ಅವರಿಂದಲೇ ನಾನು ತಿಳಿದಿದ್ದೆ.

ಅವತ್ತು ಅವರು ಏನೂ ಮಾಡಲಿಲ್ಲ. ಮನೆಗೆ ಹೋಗಿ ಕಾಲು ತೊಳೆದು, ಹೆಂಡತಿ ಸೀತಮ್ಮನವರು ಕೊಟ್ಟ ಮಜ್ಜಿಗೆ ಕುಡಿದು, ನಾಳೆ ಉಳಿದ ದಾರಿ ನಡೆಯೋಣ ಅಂದರು. ಎರಡನೇ ದಿನ ಕರಡಗುಡ್ಡ ಮುಟ್ಟಿದೆವು. ಕೊನೆಯ ನಾಲ್ಕು ಕಿಲೋಮೀಟರು ಕಾಲುವೆಯ ಒಳಗೇ ನಡೆದೆವು, ಅಷ್ಟು ಒಣಗಿತ್ತು. ಊರಿನವರು ನಮ್ಮನ್ನು ನೋಡಿ ಗುಂಪುಗೂಡಿದರು, ಯಾರೂ ಜಗಳಕ್ಕೆ ಬರಲಿಲ್ಲ, ಯಾರೂ ಹಾರ ತರಲಿಲ್ಲ. ದೇವಕ್ಕ ತನ್ನ ಹೊಲ ತೋರಿಸಿದಳು. ಶೇಂಗಾ ಬಳ್ಳಿಯ ಎಲೆ ಮಧ್ಯಾಹ್ನ ಮುಚ್ಚಿಕೊಳ್ಳುವುದು ಸಹಜ, ಇವು ಬೆಳಗಿನ ತಂಪಿನಲ್ಲೂ ಮುಚ್ಚಿದ್ದವು. ಕೋಟಯ್ಯನವರು ಬದುವಿನ ಮೇಲೆ ಕೂತು ಒಂದು ಗಿಡ ಕಿತ್ತು ಬೇರು ನೋಡಿದರು. ಇನ್ನೂ ಜೀವ ಅದ, ಹತ್ತು ದಿನದೊಳಗ ನೀರಾದ್ರ ಉಳಿತದ, ಅಂದರು. ಅವಳು, ನನಗೂ ಗೊತ್ತದರಿ, ಅಂದಳು. ಇಬ್ಬರು ರೈತರು ಮಾತಾಡಿದಂತಿತ್ತು ಅದು. ಶಾಸಕ, ಮತದಾರ ಯಾರೂ ಅಲ್ಲಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಗುದ್ದಲಿ, ಹಾರೆ ತೆಗೆದುಕೊಂಡು ತಾವೇ ಕಾಲುವೆಗೆ ಇಳಿದರು. ಆಳುಗಳನ್ನು ಕರೆಯಲಿಲ್ಲ. ನಾನೂ ಶರಣಪ್ಪನೂ ಕೈಹಾಕಿದೆವು. ಮಣ್ಣಿನೊಳಗೆ ಇಪ್ಪತ್ತು ವರ್ಷ ಕೂತ ಸಿಮೆಂಟ್ ಪೈಪು ಸುಲಭಕ್ಕೆ ಬರಲಿಲ್ಲ. ಒಡೆದು ಒಡೆದು ತೆಗೆದೆವು. ಕ್ಯಾಂಪಿನ ಜನ ಏರಿಯ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದರು. ಅವರ ಬಾಮೈದ ರಂಗಾರಾವ್ ಮೋಟಾರ್ ಸೈಕಲ್ ಮೇಲೆ ಬಂದು, ತೆಲುಗಿನಲ್ಲಿ ಬಹಳ ಹೊತ್ತು ಮಾತಾಡಿದರು. ಮೊದಲು ಬೇಡಿಕೊಂಡರು, ಆಮೇಲೆ ಬೈದರು. ನಮ್ಮನ್ನು ಇಲ್ಲಿಯವರು ಇವತ್ತಿಗೂ ನಮ್ಮವರು ಅಂದಿಲ್ಲ, ಅವರ ಸಲುವಾಗಿ ನಮ್ಮ ಹೊಟ್ಟೆಗೆ ಹೊಡೆಯುತ್ತೀಯಾ ಎಂಬುದು ಅದರ ಸಾರ. ಕೋಟಯ್ಯನವರು ಮಣ್ಣು ತೆಗೆಯುತ್ತಲೇ ಇದ್ದರು. ಕೊನೆಗೆ ಮೇಲೆ ಬಂದು, ಬೆವರು ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲೇ ಹೇಳಿದರು:

"ನನ್ನದು ನಾ ತಗದೀನಿ. ನಿಮ್ಮದು ನೀವೇ ತಗದ್ರ ಚಲೋ. ಇಲ್ಲಾಂದ್ರ ನಾಡಿದ್ದು ಕಾಲುವಿ ಆಫೀಸಿನವರನ್ನ ಕರಕೊಂಡು ನಾನೇ ಮುಂದ ನಿಂತು ತಗಸ್ತೀನಿ. ಆಮ್ಯಾಲ ನಿಮ್ಮ ಮನಿಗಿ ಬರಬ್ಯಾಡ ಅಂದ್ರೂ ನನಗ ಬ್ಯಾಸರ ಇಲ್ಲ."

ಯಾರೂ ತೆಗೆಯಲಿಲ್ಲ. ಅವರೇ ನಿಂತು ತೆಗೆಸಿದರು. ಐದು ದಿನ ಹಿಡಿಯಿತು. ಕಾಲುವೆ ಆಫೀಸಿನವರು ಮೊದಲು ಹಿಂದೆಮುಂದೆ ನೋಡಿದರು. ಶಾಸಕರೇ ಮುಂದೆ ನಿಂತಮೇಲೆ ಅವರಿಗೂ ಧೈರ್ಯ ಬಂತು. ಆರನೇ ದಿನ ಬೆಳಿಗ್ಗೆ ಕರಡಗುಡ್ಡದಿಂದ ಫೋನು ಬಂತು. ನಾವು ಹೋಗುವಷ್ಟರಲ್ಲಿ ನೀರು ಊರಿನ ತೂಬಿನವರೆಗೆ ಬಂದಿತ್ತು. ಕೆಸರು ಬಣ್ಣದ, ನೊರೆ ಕಟ್ಟಿದ, ಕಸ ಹೊತ್ತುಕೊಂಡು ಬರುತ್ತಿದ್ದ ನೀರು. ಏಡಿಗಳು ಬಿಲದಿಂದ ಎದ್ದು ಓಡುತ್ತಿದ್ದವು. ಆ ವಾಸನೆ ಎದ್ದದ್ದು ಆಗಲೇ. ಊರಿನ ಮಂದಿ ಕಾಯಿ ಒಡೆದರು, ಕೋಟಯ್ಯನವರಿಗೆ ಶಾಲು ಹೊದಿಸಿದರು, ಯಾರೋ ಅವರನ್ನು ಹೆಗಲ ಮೇಲೆ ಎತ್ತಲು ಹೋದರು. ಅವರು ಬೇಡವೆಂದು, ದೇವಕ್ಕನ ಹೊಲದ ಬದುವಿನ ಮೇಲೆ ಹೋಗಿ ನಿಂತು, ನೀರು ಸಾಲಿನಿಂದ ಸಾಲಿಗೆ ಹತ್ತುವುದನ್ನು ನೋಡಿದರು. ಆ ಸಂತೋಷ ನನಗೂ ಆಗಿತ್ತು. ಗೆದ್ದೇ ಬಿಟ್ಟೆವು ಎಂದು ನಾನು ಅಂದುಕೊಂಡದ್ದು ನಿಜ.

ಮೈಲಿ ಕ್ಯಾಂಪಿನಲ್ಲಿ ಅವರ ಎಂಟು ಎಕರೆ ಜೊಳ್ಳಾಯಿತು. ಉಳಿದವರದೂ ಅರ್ಧಕ್ಕರ್ಧ ಹೋಯಿತು. ಯುಗಾದಿಗೆ ಕ್ಯಾಂಪಿನ ರಾಮನ ಗುಡಿಯಲ್ಲಿ ಸಾಮೂಹಿಕ ಊಟವಿರುತ್ತದೆ. ಆ ವರ್ಷ ಸೀತಮ್ಮನವರನ್ನು ಯಾರೂ ಅಡುಗೆಗೆ ಕರೆಯಲಿಲ್ಲ. ಅವರು ಪ್ರತಿ ವರ್ಷ ನೂರಾರು ಮಂದಿಗೆ ಪುಳಿಹೋರ ಕಲಸುತ್ತಿದ್ದವರು. ಮನೆಯಲ್ಲೇ ಒಂದು ಪಾವು ಅಕ್ಕಿಯ ಪುಳಿಹೋರ ಮಾಡಿ ನನಗೂ ಬಡಿಸಿದರು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ತಮ್ಮ ರಂಗಾರಾವ್ ಮನೆಯ ಮುಂದೆ ಹಾದುಹೋದರೂ ಒಳಗೆ ಬರುವುದಿಲ್ಲ ಎಂದು ನನ್ನೊಡನೆ ಹೇಳಿ ಕಣ್ಣು ಒರೆಸಿಕೊಂಡರು.

ಚುನಾವಣೆ ಘೋಷಣೆಯಾಯಿತು. ನನ್ನನ್ನು ಶಾಲೆಗೆ ವಾಪಸ್ ಕಳಿಸಿದರು, ಮತಗಟ್ಟೆಯ ಡ್ಯೂಟಿ ಹಾಕಿದರು. ಈ ಸಲ ಎರಡು ಗೌಡ ಮನೆತನಗಳೂ ರಾಜಿಯಾಗಿ ಒಬ್ಬ ಗೌಡರ ಮಗನನ್ನು ನಿಲ್ಲಿಸಿದ್ದವು. ಚುನಾವಣೆಯ ಮಾತೆಲ್ಲ ಒಂದೇ ಆಗಿತ್ತು, ನಮ್ಮ ಮಣ್ಣಿನ ಮಗ ಬೇಕೋ ಹೊರಗಿನವನು ಬೇಕೋ ಎಂಬುದು. ಕೋಟಯ್ಯನವರು ಊರೂರು ತಿರುಗಿದರು. ಕ್ಯಾಂಪುಗಳಲ್ಲಿ ಬಾಗಿಲು ತೆರೆಯಲಿಲ್ಲ. ಊರುಗಳಲ್ಲಿ ಚಹಾ ಕೊಟ್ಟರು.

ನನ್ನ ಅಣ್ಣನ ಮಗಳನ್ನು ಆ ಗೌಡರ ಬಳಗದಲ್ಲೇ ಕೊಟ್ಟಿತ್ತು. ಅಣ್ಣ ಒಂದು ದಿನ ಮನೆಗೆ ಬಂದು, ಹೆಚ್ಚು ಮಾತಾಡದೆ, ಇಷ್ಟೇ ಹೇಳಿದ: "ಐದು ವರ್ಷ ಅವರ ಚಾಕರಿ ಮಾಡಿದಿ, ಅದು ಸರಕಾರದ ಡ್ಯೂಟಿ. ಇದು ಡ್ಯೂಟಿ ಅಲ್ಲ. ನಮ್ಮಾಂವ ನಿಂತಾನ." ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಡ್ಯೂಟಿಯ ತರಬೇತಿಯ ದಿನ ನಮಗೆಲ್ಲ ಅಂಚೆ ಮತಪತ್ರ ಕೊಟ್ಟರು. ಶಾಲೆಯ ಒಂದು ಕೋಣೆಯ ಮೂಲೆಯಲ್ಲಿ ಮೇಜು, ಅದರ ಮೇಲೆ ರಟ್ಟಿನ ಮರೆ. ಒಳಗೆ ನಾನೊಬ್ಬನೇ. ಅಣ್ಣನಿರಲಿಲ್ಲ, ಗೌಡರಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಕೋಟಯ್ಯನವರ ಹೆಸರು ಮೂರನೆಯದು. ಆ ಹೆಸರನ್ನು ಅವರ ಕೈಯಿಂದ ಕನ್ನಡದಲ್ಲಿ ನೂರು ಸಲ ಬರೆಸಿದವನು ನಾನು. ಪೆನ್ನು ಅದರ ಹತ್ತಿರ ಹೋಗಿ, ಅಲ್ಲಿಂದ ಮೇಲೆ ಹೋಗಿ, ಗೌಡರ ಮಗನ ಹೆಸರಿನ ಮುಂದೆ ಗುರುತು ಹಾಕಿತು. ಪೆನ್ನು ಅನ್ನುತ್ತೇನೆ, ಹಾಕಿದ್ದು ನಾನೇ. ಯಾಕೆ ಹಾಗೆ ಮಾಡಿದೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಯಾರ ಭಯವೂ ಇರಲಿಲ್ಲ. ಒಳಗೆಲ್ಲೋ ಒಂದು ಕಡೆ ನಾನೂ ಅವರ ಖರೆ ಊರು ಯಾವುದೆಂದು ಕೇಳುತ್ತಲೇ ಇದ್ದೆ ಅನ್ನಿಸುತ್ತದೆ. ಲಕೋಟೆಗೆ ಅಂಟು ಹಚ್ಚಿ ಡಬ್ಬಿಗೆ ಹಾಕಿ ಹೊರಗೆ ಬಿಸಿಲಿಗೆ ಬಂದೆ.

ಅವರು ದೊಡ್ಡ ಅಂತರದಲ್ಲಿ ಸೋತರು. ಕರಡಗುಡ್ಡದಲ್ಲಿ ಅವರಿಗೆ ಬಿದ್ದದ್ದು ಹನ್ನೊಂದು ವೋಟು.

ಮರುದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದೆ. ಅಂಗಳದಲ್ಲಿ ಬಹಳ ಮಂದಿ ಇದ್ದರು, ಗೆದ್ದಾಗ ಬಂದದ್ದಕ್ಕಿಂತ ಹೆಚ್ಚು ಅನ್ನಿಸಿತು. ನಾನು ಚಹಾ ಕುಡಿದು, ಒಳಗಿನ ಕೋಣೆಯಲ್ಲಿ ಐದು ವರ್ಷದ ಫೈಲುಗಳನ್ನು ವರ್ಷವಾರು ಜೋಡಿಸಿ, ದಾರ ಕಟ್ಟಿ, ಹೋಗಿ ಬರ್ತೀನ್ರಿ ಎಂದು ಹೇಳಿ ಬಂದೆ. ಆಮೇಲೆ ಹೋಗಲಿಲ್ಲ.

ದೇವಕ್ಕ ಒಮ್ಮೆ ಸುರಪುರದ ಸಂತೆಯಲ್ಲಿ ಸಿಕ್ಕಿದ್ದಳು. ಶೇಂಗಾ ಆ ವರ್ಷ ಚಲೋ ಬಂತು ಅಂದಳು. ವೋಟಿನ ಮಾತು ನಾನೇ ಎತ್ತಿದೆ, ಸ್ವಲ್ಪ ಸಿಟ್ಟಿನಿಂದಲೇ. ಅವಳು ಮುಖ ತಪ್ಪಿಸಲಿಲ್ಲ. ನಾನು ಅವರಿಗೇ ಹಾಕೀನ್ರಿ, ಹನ್ನೊಂದರಾಗ ಒಂದು ನಂದು, ಉಳಿದ ಮಂದಿಗೆ ನಾ ಏನು ಹೇಳಲಿ, ಅಂದಳು. ನಂಬಿದೆ. ಅವಳು ಸುಳ್ಳು ಹೇಳುವವಳಲ್ಲ. ನನ್ನ ಸಿಟ್ಟು ಅವಳ ಮೇಲೆ ಅಲ್ಲವೆಂದು ಅವಳಿಗೆ ತಿಳಿಯುವ ಹಾಗಿರಲಿಲ್ಲ.

ಹೋದ ತಿಂಗಳು ಬಸ್ಸಿಳಿದು ಅವರ ಮನೆಯವರೆಗೆ ನಡೆಯುವಾಗ ಏರಿಯ ಕಡೆ ಕಣ್ಣು ಹೋಯಿತು. ಕಾಲುವೆಯ ಗುಂಟ ಪೈಪುಗಳು ಮತ್ತೆ ಬಂದಿವೆ, ಈಗ ಮರೆಮಾಚುವುದೂ ಇಲ್ಲ. ಅವರ ಎಂಟು ಎಕರೆಯ ಕಡೆ ಮಾತ್ರ ಏರಿ ಗಟ್ಟಿಯಾಗಿತ್ತು. ಹೊಲದಲ್ಲಿ ಹತ್ತಿಯ ಒಣಗಿದ ಕಟ್ಟಿಗೆ ನಿಂತಿತ್ತು. ಆ ವರ್ಷದಿಂದ ಅಲ್ಲಿ ಭತ್ತ ನಾಟಿ ಮಾಡಿಲ್ಲವೆಂದು ಆಮೇಲೆ ತಿಳಿಯಿತು.

ಕೋಟಯ್ಯನವರು ಅಂಗಳದಲ್ಲಿ ಮಂಚದ ಮೇಲೆ ಕೂತು ಕನ್ನಡ ಪೇಪರು ಓದುತ್ತಿದ್ದರು. ಎದ್ದು ಬಂದು ಕೈ ಹಿಡಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಉಳಿದಂತೆ ಅವರೇ. ಮಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಮೊಮ್ಮಗಳು ಕನ್ನಡದಲ್ಲಿ ಶಾಲೆಗೇ ಮೊದಲು, ರಂಗಾರಾವ್ ಈಗ ಬಂದುಹೋಗಿ ಮಾಡುತ್ತಾನೆ, ಎಂದೆಲ್ಲ ಹೇಳಿದರು. ಹೋದ ಚುನಾವಣೆಯಲ್ಲಿ ಯಾರೂ ಅವರನ್ನು ನಿಲ್ಲಿರಿ ಅನ್ನಲಿಲ್ಲ, ಅವರೂ ಕೇಳಲಿಲ್ಲ. ಬಹಳ ದಣಿವಾಗಿದೆ ಮಾಸ್ತರ, ಮೈಗಲ್ಲ, ಅಂದರು. ನನಗೂ ಹಾಗೇ, ಅಂದೆ. ಆಮೇಲೆ ನಾನು ಹೇಳಿದೆ.

"ಆ ಸಲ ನಾ ನಿಮಗ ವೋಟು ಹಾಕಿಲ್ಲರಿ."

"ಗೊತ್ತದ ಮಾಸ್ತರ."

ಯಾರು ಹೇಳಿದರು ಎಂದು ಕೇಳಿದೆ. ಅವರು ಪೇಪರು ಮಡಚಿ ಪಕ್ಕಕ್ಕಿಟ್ಟರು.

"ಯಾರೂ ಹೇಳಿಲ್ಲ. ಸೋತ ಮರುದಿನ ಈ ಅಂಗಳಕ್ಕ ಬಂದವರೆಲ್ಲಾ ಆಣಿ ಮಾಡಿದ್ರು, ನಮ್ಮ ಮನಿ ವೋಟೆಲ್ಲಾ ನಿಮಗೇ ಹಾಕೀವಿ ಅಂತ. ಅವರೆಲ್ಲಾ ಹಾಕಿದ್ರ ನಾ ಯಾಕ ಸೋಲ್ತಿದ್ದೆ. ನೀವೊಬ್ರೇ ಏನೂ ಹೇಳಲಿಲ್ಲ. ಫೈಲು ಕಟ್ಟಿಟ್ಟು ಹೋದ್ರಿ. ಅವತ್ತು ನನ್ನ ಮುಂದ ಸುಳ್ಳು ಹೇಳದೇ ಹೋದವರು ನೀವೊಬ್ರೇ ಅಂತ ಅವತ್ತೇ ಸೀತಮ್ಮಗ ಹೇಳಿದ್ದೆ."

ಅವರು ಬಯ್ಯಲಿ ಎಂದು ಎಂಟು ವರ್ಷ ಕಾದಿದ್ದೆನೋ ಏನೋ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯ ದೊಡ್ಡಸ್ತಿಕೆಯೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಂತಿತ್ತು. ಅಷ್ಟರಲ್ಲಿ ಒಳಗಿನಿಂದ ಸೀತಮ್ಮನವರು ಎಲೆ ಹಾಕಿದ್ದೇನೆ, ಇಬ್ಬರೂ ಏಳಿ ಎಂದು ಕರೆದರು. ಕೋಟಯ್ಯನವರು ಮಂಚದಿಂದ ಇಳಿಯಲು ನನ್ನ ಭುಜದ ಮೇಲೆ ಕೈಯಿಟ್ಟರು. ಕೈ ಭಾರವಾಗಿತ್ತು. ಒಳಗೆ ಹೋಗಿ ಅಕ್ಕಪಕ್ಕ ಕೂತೆವು. ಸೀತಮ್ಮನವರು ಅನ್ನ ಬಡಿಸುತ್ತ, ನನ್ನ ಎಲೆಯಲ್ಲಿ ಇನ್ನೂ ಜಾಗವಿರುವುದನ್ನು ನೋಡಿ, ಇನ್ನಷ್ಟು ಹಾಕಲೇನ್ರಿ ಎಂದು ಕೇಳಿದರು. ಹಾಕ್ರಿ ಅಕ್ಕಾರ, ಅಂದೆ.